ಆಯಸ್ಕಾಂತಕ್ಕೆ ಅಂಟದ ಅಂಗಡಿ

ನನ್ನ ಅಂಗಡಿಗೆ ಬಂದೋರು ಯಾರೂ ಸುಮ್ಮನೆ ಸಾಮಾನು ತಗೊಂಡು ಹೋಗಿದ್ದೇ ಇಲ್ಲ. ಮೊದಲು ಅದನ್ನ ಕೈಯಲ್ಲಿ ಎತ್ತಿ ನೋಡ್ತಾರೆ, ಆಮೇಲೆ ನನ್ನ ಮುಖ ನೋಡ್ತಾರೆ. ಅಲ್ಲಿಗೆ ಇವತ್ತಿನ ತಮಾಷೆ ಶುರುವಾಯ್ತು ಅಂತ ನಾನು ಸ್ಟೂಲ್ ಎಳ್ಕೊಂಡು ಕೂತುಬಿಡ್ತೀನಿ.

ಬ್ರೂಕ್‌ಫೀಲ್ಡಿನ ಒಂದು ಅಡ್ಡರಸ್ತೆಯಲ್ಲಿ ನಂದು ಆಟದ ಸಾಮಾನಿನ ಅಂಗಡಿ. ಸೈಕಲ್ ಮಾರೋದು, ರಿಪೇರಿ ಮಾಡೋದು, ಶಟ್ಲ್ ಬ್ಯಾಟಿಗೆ ಗಟ್ ಹಾಕೋದು, ಎಲ್ಲಾ ನಾನೇ. ಹೆಂಗಸೊಬ್ಬಳು ಪಾನಾ ಹಿಡ್ಕೊಂಡು ಚಕ್ರ ಬಿಚ್ತಾಳೆ ಅಂತ ನಿಂತು ನೋಡೋರು ಮೊದಮೊದಲು ಬಹಳ ಇದ್ರು, ಆಮೇಲೆ ಕಮ್ಮಿ ಆದ್ರು. ನನ್ನ ಬಾಯಿಗೆ ಹೆದರಿ ಇರಬೇಕು. ನನ್ನ ಗಂಡ ಬೆಳಿಗ್ಗೆ ಕಂಪನಿ ಬಸ್ಸು ಹತ್ತಿ ಎಲೆಕ್ಟ್ರಾನಿಕ್ ಸಿಟಿಗೆ ಹೋದ್ರೆ ಅರ್ಧ ಆಯಸ್ಸು ಟ್ರಾಫಿಕ್ಕಲ್ಲಿ ಕಳೆದು ಮನೆ ಸೇರ್ತಾರೆ. ಹಾಗಾಗಿ ಇಲ್ಲಿ ಬರೆದಿರೋದ್ರಲ್ಲಿ ಅವರಿಗೆ ಪಾತ್ರ ಇಲ್ಲ.

ನಾನು ಹೇಳ್ತಿರೋದು ನಮ್ಮ ಕಡೆ ಸಾಫ್ಟ್‌ವೇರಿನೋರಿಗೆಲ್ಲ ಇದ್ದಕ್ಕಿದ್ದಂಗೆ ಸೈಕಲ್ ಹುಚ್ಚು ಹಿಡಿದ ಕಾಲದ ಮಾತು. ಉಕ್ಕಿನದ್ದು ತಗೊಳ್ಳೋದಾ, ಅಲ್ಯೂಮಿನಿಯಂದಾ, ಕಾರ್ಬನ್ ಫೈಬರ್‌ದಾ ಅಂತ ಬೆಳಗಿಂದ ಸಂಜೆ ತನಕ ಅದೇ ಪಂಚಾಯ್ತಿ. ಆ ಪಂಚಾಯ್ತಿ ಒಂದು ವರ್ಷ ನನ್ನ ಅಂಗಡಿಯ ಬುಡಕ್ಕೇ ಬಂದಿತ್ತು.

೧. ಎರಡು ಬೆರಳಿಗೆ ಬಂದ ಸೈಕಲ್

ನಮ್ಮ ಬಿಲ್ಡಿಂಗ್ ಓನರ್ ಇದೇ ಊರಿನ ಹಳಬರು. ನಾನು ಗೌಡ್ರೇ ಅಂತೀನಿ. ಈಗ ನನ್ನ ಅಂಗಡಿ ಇರೋ ಜಾಗದಲ್ಲಿ ಅವರ ದ್ರಾಕ್ಷಿ ಚಪ್ಪರ ಇತ್ತಂತೆ. ಈಗ ಕೆಳಗೆ ಅಂಗಡಿಗಳು, ಮೇಲೆ ಹುಡುಗರ ಪಿ.ಜಿ., ಹಿಂದುಗಡೆ ಅವರ ಮನೆ. ನನ್ನ ಪಕ್ಕದ ಅಂಗಡಿ ಬೇಕರಿ. ಗೌಡ್ರಿಗೆ ಸಕ್ಕರೆ ಕಾಯಿಲೆ, ಆದ್ರೂ ಅಲ್ಲಿಯ ಹನಿ ಕೇಕು ಅಂದ್ರೆ ಪ್ರಾಣ. ಮನೇಲಿ ಅವರ ತಾಯಿ ಇದಾರೆ, ತುಂಬಾ ವಯಸ್ಸಾದ ಅಜ್ಜಿ. ಮಗ ಸಿಹಿ ಮುಟ್ಟದಂಗೆ ಕಾಯೋದೇ ಆ ಅಜ್ಜಿಯ ಫುಲ್‌ಟೈಮ್ ಕೆಲಸ.

ಅಜ್ಜಿಗೆ ಊರುಗೋಲು ಮಾಡಿಕೊಟ್ಟಿದ್ದೂ ಗೌಡ್ರೇ. ಬಿಲ್ಡಿಂಗ್ ಕಟ್ಟಿದಾಗ ಮಿಕ್ಕಿದ್ದ ನಲ್ಲಿಯ ಜಿ.ಐ. ಪೈಪು, ಅದರ ತುದಿಗೆ ಹಿಡ್ಕೊಳ್ಳೋಕೆ ಮೊಣಕೈ ಥರ ಬಾಗಿದ ಒಂದು ಎಲ್ಬೋ. "ನಮ್ಮವ್ವನ್ ಕೋಲು ಕಬ್ಬಿಣದ್ದು, ಮುರಿಯಾ ಮಾತೇ ಇಲ್ಲ" ಅಂತ ಎದೆ ತಟ್ಕೊಂಡು ಹೇಳೋರು. ಮುರಿಯೋದಿರಲಿ, ಅದನ್ನ ಎತ್ತೋ ಮಾತೂ ಇರಲಿಲ್ಲ. ಅಜ್ಜಿ ಅದನ್ನ ಎಳ್ಕೊಂಡು, ಒಂದೊಂದೇ ಹೆಜ್ಜೆಗೆ ಊರ್ಕೊಂಡು ಬರೋರು. ಟಣ್... ಟಣ್... ಅಂತ ಇಡೀ ಅಡ್ಡರಸ್ತೆಗೆ ಕೇಳಿಸೋದು.

ಆ ಟಣ್ ಕಿವಿಗೆ ಬಿದ್ದ ತಕ್ಷಣ ಗೌಡ್ರು ಬೇಕರಿಯಿಂದ ನೆಗೆದು ನನ್ನ ಅಂಗಡಿಗೆ ಬಂದುಬಿಡೋರು. ಮೀಸೆ ತುಂಬಾ ಕೇಕಿನ ಕೊಬ್ರಿ ಪುಡಿ. ಬಂದು ಗಿರಾಕಿ ಥರ ಕೈಗೆ ಸಿಕ್ಕಿದ್ದನ್ನ ಎತ್ತಿ ನೋಡ್ತಾ ನಿಲ್ಲೋದು. ಅಜ್ಜಿ ಬಾಗಿಲಿಗೆ ಬಂದು, "ಇಲ್ಲಿದ್ಯೇನ್ಲಾ?" ಅಂತ ಅನುಮಾನದಿಂದ ನೋಡಿ, ಟಣ್ ಟಣ್ ಅಂತ ವಾಪಸ್ ಹೋಗೋರು.

ಹಾಗೆ ಓಡಿಬಂದ ಒಂದಿನ ಗೌಡ್ರ ಕೈಗೆ ಸಿಕ್ಕಿದ್ದು ಆಗ ತಾನೇ ಬಂದಿದ್ದ ಕಾರ್ಬನ್ ಸೈಕಲ್. ರಾಗಿ ಮೂಟೆ ಎತ್ತೋ ಥರ ಉಸಿರು ಬಿಗಿ ಹಿಡಿದು ಎತ್ತಿದ್ರು. ಸೈಕಲ್ ತಲೆ ಮೇಲಕ್ಕೆ ಹೋಯ್ತು, ಗೌಡ್ರು ಹಿಂದಕ್ಕೆ ಹೋದ್ರು.

"ಇದೇನವ್ವಾ, ಒಳಗೆ ಏನೂ ಇಲ್ವಲ್ಲ!"

"ಕಾರ್ಬನ್ ಫೈಬರ್ ಗೌಡ್ರೇ. ಕೂದಲಿಗಿಂತ ಸಣ್ಣ ಕರೀ ಎಳೆ ಇರುತ್ತೆ. ಅದನ್ನ ಬಟ್ಟೆ ಥರ ನೇಯ್ದು, ಅಂಟು ಹಾಕಿ, ಅಚ್ಚಲ್ಲಿಟ್ಟು ಬೇಯಿಸ್ತಾರೆ. ತೂಕಕ್ಕೆ ತೂಕ ಇಟ್ಟು ನೋಡಿದ್ರೆ ಉಕ್ಕಿಗಿಂತ ಗಟ್ಟಿ."

ಗೌಡ್ರು ಯೋಚನೆ ಮಾಡಿದ್ರು. "ಬಟ್ಟೆ, ಅಂಟು... ಚಿಕ್ಕುಡುಗ್ರಾಗಿದ್ದಾಗ ಅನ್ನ ಅಚ್ಚಿ ಗಾಳಿಪಟ ಮಾಡ್ತಿದ್ವಲ್ಲ, ಅಂಗೆ?"

"ಅಂಗೇ ಅಂದ್ಕೊಳ್ಳಿ."

"ಎಷ್ಟು?"

ಬೆಲೆ ಹೇಳಿದೆ. ಅಲ್ಲೇ ಸ್ಟೂಲ್ ಮೇಲೆ ಕೂತರು. "ಆ ದುಡ್ಡಿಗೆ ಎರಡು ಸೀಮೆ ಅಸ ಬತ್ತವೆ ಕಣವ್ವ. ಅವು ಆಲಾದ್ರೂ ಕೊಡ್ತವೆ!"

ನಾನು ನಕ್ಕೆ. ಅವರು ನಗಲಿಲ್ಲ. "ನೋಡವ್ವ, ನಿನ್ನ ಅಗ್ರಿಮೆಂಟು ಆಯುಧಪೂಜೆಗೆ ಮುಗೀತದೆ. ನನ್ ಅಳಿಯ ಸ್ಟೀಲ್ ಪಾತ್ರೆ ಅಂಗಡಿ ಇಡ್ತೀನಿ, ಇದೇ ಜಾಗ ಬೇಕು ಅಂತಾವ್ನೆ. ಅದು ತೂಕದ ಯಾಪಾರ. ನಿಂದು ಗಾಳಿಪಟದ ಯಾಪಾರ. ಅಬ್ಬದ ದಿನ ಯೋಳ್ತೀನಿ."

ಈ ರಸ್ತೇಲಿ ನಾನು ಹೆಸರು ಮಾಡೋಕೆ ಎಷ್ಟು ಒದ್ದಾಡಿದೀನಿ ಅಂತ ನನಗೇ ಗೊತ್ತು. ಅಕ್ಕಪಕ್ಕದ ಅಪಾರ್ಟ್‌ಮೆಂಟಿನೋರೆಲ್ಲ ನನ್ನ ಗಿರಾಕಿಗಳು, ಬೇರೆ ಕಡೆ ಹೋದ್ರೆ ಮತ್ತೆ ಮೊದಲಿಂದ ಶುರು. ಆದ್ರೂ ನನ್ನ ಬಾಯಿ ಸುಮ್ಮನಿರಲ್ವಲ್ಲ.

"ಆಗಲಿ ಗೌಡ್ರೇ. ಮೊದಲು ಮೀಸೆ ಒರೆಸ್ಕೊಳ್ಳಿ, ಅಜ್ಜಿ ಇನ್ನೂ ಮೂಲೆ ತಿರುಗಿಲ್ಲ."

೨. ಪಾತ್ರೆ ಪರೀಕ್ಷೆ

ಮಾರನೇ ವಾರ ಗೌಡ್ರು ಬರ್ತಾ ಒಂದು ಆಯಸ್ಕಾಂತ ತಂದಿದ್ರು. ಗಣೇಶನ ಪೆಂಡಾಲಿನ ಕೆಟ್ಟ ಸ್ಪೀಕರ್ ಬಿಚ್ಚಿ ತೆಗೆದಿದ್ದಂತೆ, ಒಳ್ಳೇ ನಿಪ್ಪಟ್ಟಿನಷ್ಟು ದಪ್ಪ. "ಇವತ್ತು ನಿನ್ ಅಂಗಡೀಲಿ ಏನೈತೆ ಏನಿಲ್ಲ ನೋಡೇಬಿಡಾನ" ಅಂತ ಒಂದು ಕಡೆಯಿಂದ ಶುರು ಮಾಡಿದ್ರು.

ಕಾರ್ಬನ್ ಸೈಕಲ್‌ಗೆ ಹಿಡಿದ್ರು, ಅಂಟಲಿಲ್ಲ. "ಗೊತ್ತಿತ್ತು" ಅಂದ್ರು. ಪಕ್ಕದ ಅಲ್ಯೂಮಿನಿಯಂ ಸೈಕಲ್‌ಗೆ ಹಿಡಿದ್ರು, ಅದಕ್ಕೂ ಅಂಟಲಿಲ್ಲ.

"ಇದೂ ಬಟ್ಟೇನಾ?"

"ಅಯ್ಯೋ ಇಲ್ಲ, ಅದು ಲೋಹ. ಅಲ್ಯೂಮಿನಿಯಂಗೆ ಆಯಸ್ಕಾಂತ ಹಿಡಿಯಲ್ಲ ಗೌಡ್ರೇ."

"ಇಡೀದೆ ಓದ್ಮೇಲೆ ಅದ್ಯಾತರ ಲೋಹ?"

ಬ್ಯಾಟು, ಬ್ಯಾಟಿನ ಹಿಡಿ, ಹೆಲ್ಮೆಟ್ಟು, ನೀರಿನ ಬಾಟ್ಲಿ, ಮುಂದೆ ಜೋಡಿಸಿಟ್ಟಿದ್ದು ಒಂದೂ ಬಿಡಲಿಲ್ಲ, ಯಾವುದಕ್ಕೂ ಅಂಟಲಿಲ್ಲ. ಕೊನೆಗೆ ಬಾಗಿಲ ಹತ್ರ ಹೋದಾಗ ಆಯಸ್ಕಾಂತ ಕೈಯಿಂದ ಕಿತ್ಕೊಂಡು ಠಪ್ ಅಂತ ಶಟರಿಗೆ ಅಂಟ್ಕೊಂತು. ಗೌಡ್ರು ನನ್ನ ಕಡೆ ತಿರುಗಿ, "ನೋಡ್ದಾ? ಇಡೀ ಅಂಗಡೀಲಿ ನಿಜವಾದ ವಸ್ತು ಅಂದ್ರೆ ನಾನ್ ಆಕ್ಸಿಕೊಟ್ಟಿರಾ ಶಟರ್ ಒಂದೇ!" ಅಂದ್ರು.

ನನಗೆ ಪಿತ್ತ ನೆತ್ತಿಗೇರ್ತು. "ಒಳ್ಳೇ ಸ್ಟೀಲ್ ಪಾತ್ರೆಗೂ ಅದು ಅಂಟಲ್ಲ ಗೌಡ್ರೇ! ಮನೇಲಿ ಹಿಡಿದು ನೋಡಿ. ಅಂಟ್ಲಿಲ್ಲ ಅಂದ್ರೆ ಅದು ಒಳ್ಳೇ ಸ್ಟೀಲು ಅಂತ ಅರ್ಥ." ನಾನು ಹೇಳಿದ್ದು ನಿಜ. ಆದ್ರೆ ಅವರು ಮೊದಲನೇ ಅರ್ಧ ಮಾತ್ರ ಕಿವಿಗೆ ಹಾಕ್ಕೊಂಡು, ಎರಡನೇ ಅರ್ಧ ಕೇಳೋ ಹೊತ್ತಿಗೆ ಶಟರಿಂದ ಆಯಸ್ಕಾಂತ ಕೀಳೋ ಗಲಾಟೆಯಲ್ಲಿದ್ರು.

ಎರಡು ದಿನ ಆದ್ಮೇಲೆ ಬಂದ್ರು. ಮುಖ ಬಾಡಿಹೋಗಿತ್ತು.

"ನಿನ್ ಮಾತು ಕೇಳಿ ಪಾತ್ರೆಗೆಲ್ಲ ಇಡಿದೆ ಕಣವ್ವ. ನನ್ ಯೆಂಡ್ತಿ ತೌರಿಂದ ತಂದಿದ್ದು ಒಂದಕ್ಕೂ ಅಂಟಲಿಲ್ಲ. 'ನಿಮ್ಮಪ್ಪ ಮೋಸ ಮಾಡವ್ನೆ, ಎಲ್ಲಾ ಡೂಪ್ಲಿಕೇಟು' ಅಂದ್ಬಿಟ್ಟೆ."

"ಅಯ್ಯಯ್ಯೋ! ಆಮೇಲೆ?"

"ಆಮ್ಯಾಕೇನು, ಅವತ್ತಿಂದ ಬೇಕರಿ ಬನ್ನೇ ಊಟ."

೩. ಧೂಳು ಹೊಡೆಯೋ ಬ್ಯಾಟು

ಇಂಥಾ ಹೊತ್ತಲ್ಲಿ ನನ್ನ ಕಡೆ ಮಾತಾಡೋಕೆ ಅಪ್ಪ ಇದಾರೆ ಅಂತ ನಂಬಿದ್ದೆ. ಅವರು ನೋಡಿದ್ರೆ ಗೌಡ್ರ ಪಾರ್ಟಿ.

ಅಪ್ಪ ಜಾಲಹಳ್ಳಿ ಕಡೆ ಒಂದು ಸರ್ಕಾರಿ ಫ್ಯಾಕ್ಟ್ರಿಯಲ್ಲಿ ಕಬ್ಬಿಣ ಕಡೆಯೋ ಲೇತ್ ಮೆಷಿನ್ ಮುಂದೆ ನಿಂತು ಸರ್ವಿಸ್ ಮುಗಿಸಿದೋರು. ರಿಟೈರ್ ಆಗಿ ಕ್ವಾರ್ಟರ್ಸ್ ಬಿಟ್ಟ ಮೇಲೆ ಅಪ್ಪ ಅಮ್ಮ ಇಬ್ಬರೂ ನಮ್ಮ ಜೊತೆಗೇ ಬಂದ್ರು. ಹಗಲೆಲ್ಲ ಅಪ್ಪ ನನ್ನ ಅಂಗಡೀಲೇ ಕೂತಿರೋರು. ಕೂತು, ನಾನು ಗಿರಾಕಿಗೆ ಕಾರ್ಬನ್ ಬಗ್ಗೆ ಹೇಳ್ತಿದ್ರೆ ಹಿಂದಿನಿಂದ ಕೆಮ್ಮೋದು.

"ನೋಡಪ್ಪ, ಕಬ್ಬಿಣ ಮರ್ಯಾದಸ್ಥ. ಮುರಿಯೋಕೆ ಮುಂಚೆ ಬಗ್ಗುತ್ತೆ, ಕಿರ್ ಅನ್ನುತ್ತೆ, ಹೋಗ್ತೀನಿ ಅಂತ ಹೇಳಿ ಹೋಗುತ್ತೆ. ಈ ಕಾರ್ಬನ್ ಕೊನೇ ಗಳಿಗೆ ತನಕ ನೆಟ್ಟಗಿದ್ದು ಫಟ್ ಅಂದುಬಿಡುತ್ತೆ. ಸದ್ದಿಲ್ಲದೆ ಬರೋದನ್ನ ನಂಬಬಾರದು."

ಇಷ್ಟು ಕೇಳಿದ ಮೇಲೆ ಯಾರು ಕಾರ್ಬನ್ ತಗೊಳ್ತಾರೆ? ಗೌಡ್ರು ಮಾತ್ರ "ಕರೆಕ್ಟಾಗಿ ಯೋಳುದ್ರಿ ಸಾರ್!" ಅಂತ ಕೈ ಮುಗಿಯೋರು.

ಅಪ್ಪನ ಹತ್ರ ಹಳೇ ಕಾಲದ್ದೊಂದು ಸ್ಟೀಲಿನ ಶಟ್ಲ್ ಬ್ಯಾಟ್ ಇತ್ತು. ಪ್ರತಿ ಭಾನುವಾರ ಅದನ್ನ ಹೆಗಲಿಗೆ ಹಾಕ್ಕೊಂಡು, ಬಸ್ಸು ಬದಲಾಯಿಸ್ಕೊಂಡು ಜಾಲಹಳ್ಳಿ ಟೌನ್‌ಶಿಪ್ಪಿನ ಕೋರ್ಟಿಗೆ ಹೋಗೋರು. ಒಂದು ಭಾನುವಾರ ನಾನೂ ಜೊತೆಗೆ ಹೋದೆ. ಅವರ ಜೋಡಿ ಆಡ್ತಿದ್ದ ಹಳೇ ಸಹೋದ್ಯೋಗಿ ಅಂಕಲ್ ಕೈಯಲ್ಲಿ ನಾನೇ ಮಾರಿದ ಹೊಸ ಕಾರ್ಬನ್ ಬ್ಯಾಟ್. ಮಧ್ಯದಲ್ಲೊಂದು ಶಟ್ಲ್ ಬಂತು. ಇಬ್ಬರೂ "ನಂದು, ನಂದು" ಅಂತ ಬೀಸಿದ್ರು. ಬ್ಯಾಟಿಗೆ ಬ್ಯಾಟು ಫಟಾರ್! ಅಂಕಲ್ ಬ್ಯಾಟು ಎರಡು ತುಂಡು. ಅಪ್ಪಂದು ಸಾರಿನ ಸೌಟಿನಂಗೆ ಒಂದು ಕಡೆ ಬಾಗಿಹೋಯ್ತು.

ಅಪ್ಪ ಹೆದರೋ ಪೈಕಿನಾ? ಬ್ಯಾಟನ್ನ ಕಲ್ಲುಬೆಂಚಿನ ಸಂದಿಗೆ ಸಿಕ್ಕಿಸಿ, ಒಂದು ಸಲ ಜೋರಾಗಿ ಒತ್ತಿ ನೆಟ್ಟಗೆ ಮಾಡ್ಕೊಂಡು ವಾಪಸ್ ಕೋರ್ಟಿಗೆ ಬಂದ್ರು. "ನೋಡಿದ್ಯಾ? ರಿಪೇರಿ ಆಗುತ್ತೆ! ನಿನ್ನ ಕಾರ್ಬನ್ನನ್ನ ಒತ್ತು ನೋಡೋಣ!" ಅಂದ್ರು. ಅಂಕಲ್ ತುಂಡು ಬ್ಯಾಟ್ ಹಿಡ್ಕೊಂಡು ನನ್ನೇ ನೋಡ್ತಿದ್ರು. ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು.

ಸೋಮವಾರ ಬೆಳಿಗ್ಗೆ ಅಪ್ಪನ ಭುಜ ಹಿಡ್ಕೊಂತು. ಕಾಫಿ ಲೋಟ ಎತ್ತೋಕಾಗ್ತಿಲ್ಲ. ಸ್ಟೀಲ್ ಬ್ಯಾಟಿಗೆ ಬಿದ್ದ ಪೆಟ್ಟೆಲ್ಲ ನೇರ ಕೈಗೇ ಬರುತ್ತೆ, ಕಾರ್ಬನ್ ಅದನ್ನ ಒಂದಿಷ್ಟು ನುಂಗಿಕೊಳ್ಳುತ್ತೆ ಅಂತ ನಾನು ಹೇಳಿದ್ರೆ, "ಇದು ಬಸ್ಸಿನ ಕುಲುಕಾಟ" ಅಂದ್ರು. ವಾರ ಪೂರ್ತಿ ಅಂಗಡಿಯೆಲ್ಲ ನೋವಿನ ಎಣ್ಣೆ ವಾಸನೆ.

ಆ ಶುಕ್ರವಾರ ಊಟ ಮುಗಿಸಿ ಅಂಗಡಿಗೆ ಬಂದ್ರೆ ಅಪ್ಪ ಕುರ್ಚಿಯಲ್ಲಿಲ್ಲ. ಹಿಂದೆ ರಟ್ಟಿನ ಡಬ್ಬಗಳ ಮರೇಲಿ ನಿಂತು ಕಾರ್ಬನ್ ಬ್ಯಾಟನ್ನ ಗಾಳಿಗೆ ಬೀಸ್ತಿದಾರೆ. ಮುಖದಲ್ಲಿ ಚಿಕ್ಕ ಮಗೂನ ಖುಷಿ.

"ಏನಪ್ಪಾ ಇದು?"

"ಧೂಳು... ಧೂಳು ಹೊಡೀತಿದ್ದೆ ಕಣೇ. ಎಷ್ಟು ಧೂಳು ಇಟ್ಟಿದೀಯ!"

ಭಾನುವಾರ ಅಪ್ಪ ಎಂದಿನಂತೆ ಸ್ಟೀಲ್ ಬ್ಯಾಟಿನ ಹಳೇ ಚೀಲ ಹೆಗಲಿಗೇರಿಸ್ಕೊಂಡು ಹೊರಟ್ರು. ಅವರು ಹೋದ ಮೇಲೆ ಅಮ್ಮ ಮಂಚದ ಕೆಳಗೆ ಗುಡಿಸುವಾಗ ಸ್ಟೀಲ್ ಬ್ಯಾಟು ಅಲ್ಲೇ ಸಿಕ್ತು. ಧೂಳು ಹೊಡೆಯೋಕೆ ಮನುಷ್ಯ ಜಾಲಹಳ್ಳಿ ತನಕ ಹೋಗಿದ್ದ.

೪. ಗ್ರಾಂ ಸಾರ್ ಮತ್ತು ಸರಪಳಿ

ಮಾರತ್ತಹಳ್ಳಿ ಕಡೆಯ ಒಂದು ಕಂಪನಿಯ ಮ್ಯಾನೇಜರ್ ನನ್ನ ಕಾಯಂ ಗಿರಾಕಿ. ನಾವೆಲ್ಲ ಗ್ರಾಂ ಸಾರ್ ಅನ್ನೋದು. ಏನೇ ತೋರಿಸಿದ್ರೂ ಅವರ ಮೊದಲ ಪ್ರಶ್ನೆ, "ಮೇಡಂ, ಇದು ಎಷ್ಟು ಗ್ರಾಂ?" ಬ್ಯಾಗಲ್ಲಿ ಅಡುಗೆಮನೆಯ ತಕ್ಕಡಿ ಇಟ್ಕೊಂಡೇ ಓಡಾಡೋ ಆಸಾಮಿ.

ಆ ಎರಡು ಸೀಮೆ ಹಸುವಿನ ಬೆಲೆಯ ಕಾರ್ಬನ್ ಸೈಕಲ್ ತಗೊಂಡಿದ್ದು ಇವರೇ. ನನಗೋ ಸ್ವರ್ಗ ಸಿಕ್ಕಂಗಾಯ್ತು. ಗೌಡ್ರು ನೋಡಲಿ ಅಂತ ಬೇಕಂತಲೇ ಅವರು ಪಕ್ಕದಲ್ಲಿ ಹನಿ ಕೇಕು ತಿಂತಿದ್ದ ಹೊತ್ತಿಗೆ ಡೆಲಿವರಿ ಇಟ್ಕೊಂಡೆ. ಗ್ರಾಂ ಸಾರ್ ಸೈಕಲನ್ನ ಮುದ್ದಾಗಿ ಎತ್ತಿದ್ರು. ಸ್ಟಾಂಡ್ ಬೇಡ ಅಂದ್ರು, ತೂಕ. ಬೆಲ್ ಬೇಡ, ತೂಕ. ಚಕ್ರದಲ್ಲಿದ್ದ ಬೆಳಕು ಹೊಡೆಯೋ ಬಿಲ್ಲೆ ಕೂಡ ಕೀಳಿಸಿದ್ರು.

"ನೋಡಿದ್ರಾ ಗೌಡ್ರೇ? ಇಂಥ ದೊಡ್ಡ ಮನುಷ್ಯರು ಇದನ್ನೇ ಹುಡುಕ್ಕೊಂಡು ಬರ್ತಾರೆ" ಅಂದೆ. ಗೌಡ್ರು ಸುಮ್ಮನೆ ತಲೆ ಆಡಿಸಿದ್ರು. ಏನೋ ನಾಟ್ತಾ ಇದೆ ಅನ್ನಿಸಿ ನನಗೆ ಒಳಗೊಳಗೇ ಸಂತೋಷ.

ಬಾಗಿಲ ತನಕ ಹೋದ ಗ್ರಾಂ ಸಾರ್ ವಾಪಸ್ ಬಂದ್ರು. "ಮೇಡಂ, ಇದು ಇಷ್ಟು ಹಗುರ ಇದೆ... ಯಾರಾದ್ರೂ ಹಂಗೇ ಎತ್ಕೊಂಡು ಹೋಗ್ಬಿಟ್ರೆ?"

"ಬೀಗ ಹಾಕಿ ಸಾರ್."

"ಇರೋದ್ರಲ್ಲೇ ಸ್ಟ್ರಾಂಗ್ ಆಗಿರೋದು ಕೊಡಿ."

ಇರೋದ್ರಲ್ಲೇ ಸ್ಟ್ರಾಂಗ್ ಆಗಿರೋದು ಅಂದ್ರೆ ಉಕ್ಕಿನ ಸರಪಳಿ, ಹೆಬ್ಬೆರಳು ಗಾತ್ರದ ಕೊಂಡಿಗಳು. ಅದನ್ನ ಕೌಂಟರ್ ಮೇಲೆ ಇಟ್ಟಾಗ ಗಾಜು ಕಿರ್ ಅಂತು. ಗ್ರಾಂ ಸಾರ್ ಆ ದಿನ ತಕ್ಕಡಿ ತೆಗೀಲೇ ಇಲ್ಲ. ಸರಪಳಿಯನ್ನ ಕೊರಳಿಗೆ ಹಾಕ್ಕೊಂಡು, ಎರಡು ಬೆರಳಲ್ಲಿ ಎತ್ತಬಹುದಾದ ಸೈಕಲ್ ಮೇಲೆ ಉಸ್ ಉಸ್ ಅಂತ ತುಳ್ಕೊಂಡು ಹೋದ್ರು.

ಅಷ್ಟರಲ್ಲಿ ಗೌಡ್ರು ಒಳಗೆ ಬಂದು ಇನ್ನೊಂದು ಅಂಥದ್ದೇ ಸರಪಳಿಗೆ ಆಯಸ್ಕಾಂತ ಹಿಡಿದು ನೋಡಿದ್ರು. ಠಪ್ ಅಂತ ಹಿಡ್ಕೊಂತು. ಅವರ ಮುಖ ಅರಳಿದ್ದನ್ನ ನೋಡಬೇಕಿತ್ತು.

"ಅಲ್ಲವ್ವ, ಕೊನೆಗೂ ಆ ಗಾಳಿಪಟ ಕಾಯಾಕೆ ಕಬ್ಬಿಣವೇ ಬೇಕಾಯ್ತಲ್ಲ!"

ನಾನು ಎಷ್ಟೋ ಜನರ ಬಾಯಿ ಮುಚ್ಚಿಸಿದೀನಿ. ಅವತ್ತು ಗೌಡ್ರ ಕೈಯಿಂದ ಆ ಸರಪಳಿ ಕಿತ್ಕೊಂಡು, ಡಬ್ಬಕ್ಕೆ ಹಾಕಿ, ಡಬ್ಬದ ಬಾಯಿ ಮುಚ್ಚಿದೆ.

೫. ಹಾರದ ತೂಕ

ಆಯುಧಪೂಜೆ ಬಂತು. ನಮ್ಮ ರಸ್ತೆಯಲ್ಲಿ ಆಟೋ, ಲಾರಿ, ನೀರಿನ ಟ್ಯಾಂಕರ್ ಎಲ್ಲಾ ಬಾಳೆಕಂದು ಕಟ್ಕೊಂಡು ನಿಂತಿದ್ವು. ನಾನು ಅಂಗಡಿ ತೊಳೆದು, ಸೈಕಲ್‌ಗಳನ್ನ ಸಾಲಾಗಿ ನಿಲ್ಲಿಸಿ, ರಂಗೋಲಿ ಹಾಕಿದೆ. ಗೌಡ್ರ ತೀರ್ಮಾನ ಇವತ್ತೇ.

ಅಪ್ಪ ಮಂಗಳಾರತಿ ತಟ್ಟೆ ಹಿಡ್ಕೊಂಡು ಶುರು ಮಾಡಿದ್ರು. ಪಾನಾ, ಸುತ್ತಿಗೆ, ಸ್ಕ್ರೂಡ್ರೈವರ್, ಗಾಳಿ ಪಂಪು, ಎಲ್ಲಕ್ಕೂ ಕುಂಕುಮ ಇಟ್ರು. ಹೊಸದಾಗಿ ತರಿಸಿದ್ದ ಇನ್ನೊಂದು ಕಾರ್ಬನ್ ಸೈಕಲ್ ಹತ್ರ ಬಂದು ನಿಂತುಬಿಟ್ರು.

"ಇದಕ್ಕೆ ಆಗಲ್ಲ ಕಣಮ್ಮ. ಆಯುಧ ಅಂದ್ರೆ ಲೋಹ."

"ಅಪ್ಪಾ, ಆ ಕಡೆ ಸಾಫ್ಟ್‌ವೇರ್ ಆಫೀಸಲ್ಲಿ ಕಂಪ್ಯೂಟರ್ ಮೌಸಿಗೆ ಕುಂಕುಮ ಇಡ್ತಾರೆ. ಅದರಲ್ಲಿ ಯಾವ ಲೋಹ ಇದೆ?"

ಅಪ್ಪ ಯೋಚನೆ ಮಾಡಿದ್ರು. "ಅದರ ವೈರಲ್ಲಿ ತಾಮ್ರ ಇದೆ."

ಈ ಜಗಳ ನಡೀತಿರುವಾಗಲೇ ಗ್ರಾಂ ಸಾರ್ ಪೂಜೆಗೆ ಅಂತ ತಮ್ಮ ಸೈಕಲ್ ತಳ್ಕೊಂಡು ಬಂದ್ರು. ಅವರನ್ನ ನೋಡಿ ಅಪ್ಪನಿಗೂ ಇಲ್ಲ ಅನ್ನೋಕಾಗಲಿಲ್ಲ, ಗಿರಾಕಿ ದೇವರಲ್ವಾ. ಕುಂಕುಮ ಇಟ್ರು. ಬಾಳೆಕಂದನ್ನ ಬಾಳೆನಾರಲ್ಲಿ ಬಿಗಿಯೋಕೆ ಹೋದಾಗ ಗ್ರಾಂ ಸಾರ್ ಕಿರುಚಿದ್ರು, "ಅಂಕಲ್, ಬಿಗೀಬೇಡಿ! ಕಾರ್ಬನ್ನು!" ಆ ಭಯ ಸರಿಯೇ, ಕಾರ್ಬನ್ ಕೊಳವೆನ ಅಡ್ಡಡ್ಡ ಹಿಸುಕಿದ್ರೆ ಒಳಗೇ ಸೀಳುತ್ತೆ. ಆದ್ರೆ ಬಾಳೆನಾರಿಗೂ ಹೆದರೋರನ್ನ ನಾನು ನೋಡಿದ್ದು ಅದೇ ಮೊದಲು.

ಕೊನೆಗೆ ಅಪ್ಪ ಸೇವಂತಿಗೆ ಹಾರ ತಗೊಂಡು ಹ್ಯಾಂಡಲ್ಲಿಗೆ ಹಾಕ್ಬೇಕು, ಗ್ರಾಂ ಸಾರ್ ಕೈ ಅಡ್ಡ ಹಿಡಿದ್ರು. ಬ್ಯಾಗಿಗೆ ಕೈ ಹಾಕಿದ್ರು. ತಕ್ಕಡಿ ಬಂತು. ಹಾರ ಅದರ ಮೇಲೆ ಹೋಯ್ತು.

"ಅಂಕಲ್, ತಪ್ಪು ತಿಳ್ಕೋಬೇಡಿ... ಕನಕಾಂಬರ ಇಲ್ವಾ?"

ನಗೋಕೆ ಶುರು ಮಾಡಿದ್ದೆ, ಅಷ್ಟರಲ್ಲಿ ಟಣ್ ಟಣ್ ಅಂತ ಕೇಳಿಸ್ತು. ಗೌಡ್ರು ತಾಯಿಯನ್ನೂ ಕರ್ಕೊಂಡು ಪೂಜೆಗೆ ಬಂದ್ರು. ಅಜ್ಜಿಯನ್ನ ಕುರ್ಚಿಗೆ ಕೂರಿಸಿ ಕಡ್ಲೆಪುರಿ ಕೊಟ್ಟೆ. ಗೌಡ್ರು ಗ್ರಾಂ ಸಾರ್‌ನ, ತಕ್ಕಡಿಯನ್ನ, ಅದರ ಮೇಲಿದ್ದ ಹಾರವನ್ನ ಒಂದೊಂದಾಗಿ ನೋಡಿದ್ರು. ಆಮೇಲೆ ನನ್ನನ್ನ ಪಕ್ಕಕ್ಕೆ ಕರೆದ್ರು.

"ನಿನ್ ಮ್ಯಾಲೆ ನಂಗೇನೂ ಕ್ವಾಪ ಇಲ್ಲ ಕಣವ್ವ. ಆದ್ರೆ ದೇವ್ರ ಊವಾನೂ ತೂಕ ಆಕೋರು ಬರಾ ಅಂಗಡಿ ನಂಗ್ ಬ್ಯಾಡ. ದೀಪಾವಳಿಗೆ ಬೀಗದ ಕೈ ಕೊಟ್ಬಿಡು."

ಅಳು ಬಂತು. ಹಬ್ಬದ ದಿನ ಗಿರಾಕಿ ಮುಂದೆ ಅಳೋದು ಹೆಂಗೆ ಅಂತ ಸುಮ್ಮನೆ ಅಪ್ಪನಿಗೆ ಬೈದೆ.

೬. ಅಜ್ಜಿಯ ಹೊಸ ಕೋಲು

ಅದೇ ಗಲಾಟೆಯಲ್ಲಿ ಅಜ್ಜಿ ಏಳೋಕೆ ಹೋದ್ರು. ಗೋಡೆಗೆ ಒರಗಿಸಿದ್ದ ಜಿ.ಐ. ಪೈಪು ಜಾರಿ ಢಣ್ ಅಂತ ಬಿದ್ದು, ನೆಲದ ಟೈಲ್ಸು ಒಡೀತು. ಅಜ್ಜಿ ಬಗ್ಗಿ ಎತ್ತೋಕೆ ನೋಡಿದ್ರು, ಆಗಲಿಲ್ಲ. ಬೇರೆ ಏನಾದ್ರೂ ಸಿಗುತ್ತಾ ಅಂತ ಸುತ್ತ ನೋಡಿದೆ.

ಮೂಲೇಲಿ ಒಂದು ಹಾಕಿ ಸ್ಟಿಕ್ ಇತ್ತು. ಕಾರ್ಬನ್‌ದು. ಜಾಲಹಳ್ಳಿಯ ಆಟಗಾರನೊಬ್ಬ ರಿಪೇರಿಗೆ ಅಂತ ಅಪ್ಪನ ಕೈಲಿ ಕಳಿಸಿದ್ದು. ಮೂತಿ ಚಕ್ಕೆ ಎದ್ದಿತ್ತು, ಅದರಲ್ಲಿ ಆಡೋಕೆ ಅಂಪೈರ್ ಬಿಡಲ್ಲ, ರಿಪೇರೀನೂ ಆಗಲ್ಲ ಅಂತ ನಾನು ಫೋನ್ ಮಾಡಿ ಹೇಳಿದ್ದಕ್ಕೆ "ನೀವೇ ಇಟ್ಕೊಳ್ಳಿ ಅಕ್ಕ" ಅಂದಿದ್ದ. ಅದನ್ನ ತಲೆಕೆಳಗು ಮಾಡಿದೆ. ಬಾಗಿದ ಮೂತಿ ಮೇಲೆ ಬಂತು, ಹಿಡ್ಕೊಳ್ಳೋಕೆ ಸರಿಯಾಗಿ. ಚಕ್ಕೆ ಎದ್ದ ಕಡೆ ಬ್ಯಾಟಿನ ಹಿಡಿಗೆ ಸುತ್ತೋ ಪಟ್ಟಿ ಸುತ್ತಿದೆ, ಕೆಳಗಿನ ತುದಿಗೆ ಕುರ್ಚಿ ಕಾಲಿನ ರಬ್ಬರ್ ಬುಷ್ ಸಿಕ್ಕಿಸಿದೆ.

"ಸದ್ಯಕ್ಕೆ ಇದನ್ನ ಊರ್ಕೊಂಡು ಹೋಗಿ ಅಜ್ಜಿ."

ಅಜ್ಜಿ ಹಿಡ್ಕೊಂಡ್ರು. ಒಂದು ಸಲ ಎತ್ತಿ ನೋಡಿದ್ರು, ಇನ್ನೊಂದು ಸಲ ಎತ್ತಿದ್ರು. "ಅವ್ವಯ್ಯ!" ಅಂದ್ರು, ಅಷ್ಟೇ. ಸದ್ದಿಲ್ಲದೆ ನಡ್ಕೊಂಡು ಹೋದ್ರು. ಗೌಡ್ರು ಪೈಪನ್ನ ಹೆಗಲ ಮೇಲೆ ಹೊತ್ಕೊಂಡು ಹಿಂದೆ ಹೋದ್ರು.

ನಾನು ಆಮೇಲೆ ಕೋಲಿನ ವಿಷಯ ಮರೆತೇ ಹೋದೆ. ಡಬ್ಬಗಳಿಗೆ ಸಾಮಾನು ತುಂಬೋಕೆ ಶುರು ಮಾಡಿದ್ದೆ. ಒಂದು ಮಧ್ಯಾಹ್ನ ಬ್ಯಾಟುಗಳನ್ನ ಪೇಪರಲ್ಲಿ ಸುತ್ತಿ ಇಡ್ತಿದೀನಿ, ಪಕ್ಕದ ಬೇಕರಿಯಿಂದ ಫಟ್ ಅಂತ ಒಂದು ಸದ್ದು ಬಂತು.

ಅಪ್ಪ ಕುರ್ಚಿಯಿಂದ ಹಾರಿದ್ರು. "ಕಾರ್ಬನ್ ಮುರೀತು! ಆ ಸದ್ದು ನನಗೆ ಗೊತ್ತು, ಕಾರ್ಬನ್ನೇ!"

ಓಡಿ ಹೋಗಿ ನೋಡಿದ್ರೆ ಏನೂ ಮುರಿದಿರಲಿಲ್ಲ. ಗೌಡ್ರು ಒಂಟಿ ಕಾಲಲ್ಲಿ ಕುಣೀತಿದ್ರು, ಇನ್ನೊಂದು ಕಾಲಿನ ಮೀನಖಂಡ ಎರಡು ಕೈಯಲ್ಲಿ ಹಿಡ್ಕೊಂಡು. ಅರ್ಧ ಹನಿ ಕೇಕು ನೆಲದ ಮೇಲೆ. ಹಿಂದೆ ಅಜ್ಜಿ, ಕೋಲು ಎತ್ತಿದ್ದು ಎತ್ತಿದಂಗೇ.

"ಆ ಪೈಪು ಎತ್ತಾ ಒತ್ಗೆ ಈ ನನ್ ಮಗ ಸಂದಿ ಸೇರ್ಕೊತಿದ್ದ ಕಣವ್ವ" ಅಂದ್ರು ನನಗೆ. "ಇದು ನೋಡು, ಅಂದ್ಕೊಂಡೇಟ್ಗೆ ಏಳ್ತದೆ!" ಅಂತ, ಎಷ್ಟು ಬೇಗ ಏಳ್ತದೆ ಅಂತ ಇನ್ನೊಂದು ಸಲ ತೋರಿಸಿದ್ರು. ಗೌಡ್ರು ಇನ್ನೊಂದು ಕಾಲನ್ನೂ ಹಿಡ್ಕೊಂಡ್ರು.

ನಾಲ್ಕು ದಿನಕ್ಕೆ ಊರೆಲ್ಲ ಅದೇ ಸುದ್ದಿ. ಮನೇಲಿ ಗೌಡ್ರು ಸಕ್ಕರೆ ಡಬ್ಬಕ್ಕೆ ಕೈ ಹಾಕಿದ್ರೆ ಫಟ್, ಬೇಕರಿ ಮೆಟ್ಟಿಲು ಹತ್ತಿದ್ರೆ ಫಟ್. ಟಣ್ ಇಲ್ಲ, ಗಿಣ್ ಇಲ್ಲ. ಐದನೇ ದಿನ ಗೌಡ್ರು ಕುಂಟ್ಕೊಂಡು ನನ್ನ ಅಂಗಡಿಗೆ ಬಂದು, ಹಿಂದೆ ಮುಂದೆ ನೋಡಿ, ಮೆಲ್ಲಗೆ ಕೂತ್ಕೊಂಡ್ರು. ಅಪ್ಪನ ಕಡೆ ತಿರುಗಿ, "ನೀವ್ ಯೋಳಿದ್ದು ದಿಟ ಸಾರ್. ಸದ್ದಿಲ್ದೆ ಬರಾದನ್ನ ನಂಬಬಾರ್ದು" ಅಂದ್ರು. ಆಮೇಲೆ ನನ್ನ ಕಡೆ ಬಗ್ಗಿ, "ಅವ್ವಾ, ಎಂಗಾದ್ರೂ ಮಾಡಿ ಆ ಕೋಲು ವಾಪಸ್ ಈಸ್ಕೊ."

ನನ್ನ ಒಳಗೆ ಏನೋ ಮಿಂಚಿತು. "ನಾನು ಹೆಂಗೂ ದೀಪಾವಳಿಗೆ ಹೋಗೋಳಲ್ವಾ ಗೌಡ್ರೇ. ಇನ್ನು ಆ ಕೋಲು, ನೀವು, ಅಜ್ಜಿ, ನಿಮ್ಮ ನಿಮ್ಮಲ್ಲೇ ನೋಡ್ಕೊಳ್ಳಿ."

"ಎಲ್ಲಿಗೋಯ್ತಿಯಾ?" ಅಂತ ಕೇಳಿಸ್ತು.

ಕೇಳಿದ್ದು ಗೌಡ್ರಲ್ಲ. ಅವರ ಬೆನ್ನ ಹಿಂದೆ ಅಜ್ಜಿ ನಿಂತಿದ್ರು. ಯಾವಾಗ ಬಂದ್ರೋ ದೇವರಿಗೇ ಗೊತ್ತು. ಗೌಡ್ರು ಕೂತಲ್ಲೇ ಕಲ್ಲಾದ್ರು.

"ನಿಮ್ಮ ಮಗ ಖಾಲಿ ಮಾಡು ಅಂದಿದಾರೆ ಅಜ್ಜಿ. ಅಳಿಯಂದ್ರು ಪಾತ್ರೆ ಅಂಗಡಿ ಇಡ್ತಾರಂತೆ."

"ಯಾಕ್ಲಾ?" ಅಂದ್ರು ಅಜ್ಜಿ.

"ಅವ್ವ, ಇವಳ ಸಾಮಾನೆಲ್ಲ ತೂಕ ಇಲ್ದಿದ್ದು... ಬರೀ ಗಾಳಿಪಟ..."

ಫಟ್!

"ಗಾಳಿಪಟವಾ? ಈಗ ಬಡಿದ್ನಲ್ಲ, ತೂಕ ಐತಾ ಇಲ್ವಾ ಯೋಳು! ಇವಳು ಓದ್ರೆ ನನ್ ಕೋಲಿಗೆ ರಬ್ರು ಆಕ್ಕೊಡಾರ್ ಯಾರ್ಲಾ? ನಿನ್ನಳಿಯ ಆಕ್ತಾನಾ?"

ಹಾಗೆ ನನ್ನ ಅಂಗಡಿ ಉಳೀತು. ಅಳಿಯಂದ್ರ ಪಾತ್ರೆ ಅಂಗಡಿಗೆ ಅಜ್ಜಿ ಮುಂದಿನ ಬೀದಿಯ ಖಾಲಿ ಸೈಟಿನ ಶೆಡ್ಡು ತೋರಿಸಿದ್ರು. ತುಂಬಿಟ್ಟ ಡಬ್ಬಗಳನ್ನೆಲ್ಲ ಅವತ್ತೇ ಬಿಚ್ಚಿದೆ. ಬಿಚ್ತಾ ಬಿಚ್ತಾ ಅಳು ಬಂತು, ನಗೂನೂ ಬಂತು, ಅಪ್ಪ ಯಾವುದಕ್ಕೆ ಸಮಾಧಾನ ಮಾಡ್ಬೇಕು ಗೊತ್ತಾಗದೆ ಎರಡಕ್ಕೂ ನೀರು ತಂದುಕೊಟ್ರು.

ಅಗ್ರಿಮೆಂಟಿಗೆ ಸೈನ್ ಹಾಕೋ ದಿನ ಗೌಡ್ರು ಒಂದೇ ಒಂದು ಷರತ್ತು ಹಾಕಿದ್ರು. ಅಜ್ಜಿ ಕೋಲಿಗೆ ಒಂದು ಸೈಕಲ್ ಬೆಲ್ ಹಾಕ್ಕೊಡಬೇಕು, ದೊಡ್ಡದು. ಬೆಲ್‌ಗಳ ಡಬ್ಬ ಮುಂದಿಟ್ಟೆ. ಜೇಬಿಂದ ಆಯಸ್ಕಾಂತ ತೆಗೆದು ಒಂದೊಂದಕ್ಕೂ ಹಿಡಿದು ನೋಡಿ, ಠಪ್ ಅಂತ ಅಂಟಿದ್ದನ್ನೇ ಆರಿಸಿದ್ರು. ಕಾರ್ಬನ್ ಸೀಳಬಾರದು ಅಂತ ಕೆಳಗೆ ರಬ್ಬರ್ ಸುತ್ತಿ, ಹಿತವಾಗಿ ಬಿಗಿ ಮಾಡಿ ಹಾಕಿಕೊಟ್ಟೆ. "ಬರೋದಕ್ಕೆ ಮುಂಚೆ ಬಾರಿಸ್ಬೇಕು ಅಜ್ಜಿ" ಅಂತಲೂ ಹೇಳಿದೆ. ಅಜ್ಜಿ ಖುಷಿಯಾಗಿ ತಲೆ ಆಡಿಸಿದ್ರು.

ಮಾರನೇ ದಿನ ಮಧ್ಯಾಹ್ನ ಬೇಕರಿ ಕಡೆಯಿಂದ ಮೊದಲು ಫಟ್ ಅಂತ ಕೇಳಿಸ್ತು, ಅದರ ಹಿಂದೆಯೇ ಟ್ರಿಣ್ ಟ್ರಿಣ್ ಅಂತ. ಹೋಗಿ ಕೇಳಿದೆ, "ಅಜ್ಜೀ, ಬೆಲ್ಲು ಮೊದಲಲ್ವಾ?"

"ಮೊದ್ಲು ಬಾರಿಸಿದ್ರೆ ಇವ್ನು ಸಿಕ್ತಾನಾ ಮಗಾ?" ಅಂದ್ರು ಅಜ್ಜಿ. "ಏಟು ಬಿದ್ದಿದ್ದು ಊರಿಗೆ ಗೊತ್ತಾಗ್ಲಿ ಅಂತ ಆಮ್ಯಾಕೆ ಬಾರಿಸ್ತೀನಿ."